ಮೊದಲ ಹೂವಿನ ತಾರೀಕು

ಸೆಮಿನಾರ್ ಹಾಲಿನ ಪರದೆಯ ಮೇಲೆ ಹನ್ನೆರಡು ಬೂದುಬಣ್ಣದ ಚುಕ್ಕಿಗಳು ಮೂಡಿದಾಗ ಅವನಿಗೆ ಮೊದಲು ಅನ್ನಿಸಿದ್ದು, ಈ ಹುಡುಗಿಗೆ ಬಣ್ಣ ಆರಿಸುವ ಬುದ್ಧಿಯೂ ಇಲ್ಲವಲ್ಲ ಎಂದು. ಉಳಿದ ಚುಕ್ಕಿಗಳೆಲ್ಲ ಕೆಂಪು. ಕೆಂಪು ಚುಕ್ಕಿಗಳ ನಡುವೆ ಒಂದು ಗೆರೆ ಎಡಗಡೆ ಎತ್ತರದಲ್ಲಿ ಹುಟ್ಟಿ ಬಲಗಡೆಗೆ ಇಳಿಯುತ್ತ ಹೋಗಿತ್ತು. ಎಪ್ಪತ್ತು ವರ್ಷದ ಹಿಂದೆ ಗುಡ್ಡದ ನೆತ್ತಿಯ ಕುಳ್ಳಮರ ಯಾವ ದಿನ ಮೊದಲ ಹೂ ಬಿಡುತ್ತಿತ್ತೋ, ಈಗ ಅದಕ್ಕಿಂತ ಹತ್ತೊಂಬತ್ತು ದಿನ ಮುಂಚೆ ಬಿಡುತ್ತದೆ, ಯಾಕೆಂದರೆ ಚಳಿ ಬೇಗ ಮುಗಿಯುತ್ತಿದೆ. ಇಷ್ಟು ಹೇಳಲು ಅವಳಿಗೆ ಅರ್ಧ ಗಂಟೆ ಬೇಕಾಯಿತು. ಚಳಿ ಬೇಗ ಮುಗಿಯುತ್ತಿದೆ ಎಂದು ತಿಳಿಯಲು ಲ್ಯಾಪ್‌ಟಾಪು ಯಾಕೆ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದುಕೊಂಡು ಅವನು ಎರಡನೇ ಸಾಲಿನ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಮೂವತ್ತೈದು ವರ್ಷ ಈ ಕಟ್ಟಡದಲ್ಲಿ ಒಣಗಿಸಿದ ಗಿಡಗಳನ್ನು ಕಾದವನು ಅವನು. ಎರಡು ಲಕ್ಷ ಹಾಳೆಗಳು, ಒಂದೊಂದು ಹಾಳೆಗೂ ಅಂಟಿಸಿದ ಒಂದೊಂದು ರೆಂಬೆ, ಬಲಗಡೆ ಕೆಳಮೂಲೆಯಲ್ಲಿ ಚೀಟಿ: ಯಾವ ಗಿಡ, ಎಲ್ಲಿ ಸಿಕ್ಕಿತು, ಯಾವ ತಾರೀಕು, ಕಿತ್ತವರು ಯಾರು. ಆ ಚೀಟಿಗಳಲ್ಲಿರುವುದನ್ನು ಕಂಪ್ಯೂಟರಿಗೆ ಏರಿಸಿ ಪದವಿ ತೆಗೆದುಕೊಳ್ಳುವುದು ಈಗಿನವರ ವಿಜ್ಞಾನ. ಗಿಡದ ಕಡೆಗೆ ಒಬ್ಬರೂ ಕಣ್ಣೆತ್ತಿ ನೋಡುವುದಿಲ್ಲ, ಎಲ್ಲರಿಗೂ ಮೂಲೆಯ ಚೀಟಿ ಸಾಕು.

"ಈ ಹನ್ನೆರಡು ಹಾಳೆಗಳನ್ನ ಲೆಕ್ಕಕ್ಕೆ ತಗೊಂಡಿಲ್ಲ," ಎಂದು ಹುಡುಗಿ ಬೂದು ಚುಕ್ಕಿಗಳ ಸುತ್ತ ಬೆಳಕಿನ ಕಡ್ಡಿ ಆಡಿಸಿದಳು. "ಒಬ್ಬರೇ ಕಿತ್ತಿರೋದು. ಹೆಚ್ಚಿನ ವರ್ಷಗಳಲ್ಲಿ ಆಗಿನ ಚಳಿಗೂ ಇವರು ಬರೆದಿರೋ ತಾರೀಕಿಗೂ ತಾಳೆಯೇ ಆಗಲ್ಲ. ಹಾಗಾಗಿ ಅವರ ಹಾಳೆ ಅಷ್ಟನ್ನೂ ಬಿಟ್ಟಿದ್ದೀವಿ." ಮುಂದಿನ ಚಿತ್ರದಲ್ಲಿ ಒಂದು ಹಳೇ ಚೀಟಿಯನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದಳು. ಅದರ ಕೆಳಗೆ ಕಿತ್ತವರ ಹೆಸರಿನ ಜಾಗದಲ್ಲಿ ಎರಡೇ ಅಕ್ಷರ, ಬಾಲ ಎಳೆದು ಸುರುಳಿ ಸುತ್ತಿದ ಎರಡು ಅಕ್ಷರ. ಇಪ್ಪತ್ತಾರನೇ ವಯಸ್ಸಿನಲ್ಲಿ ಅವನಿಗೆ ಪೂರ್ತಿ ಹೆಸರು ಬರೆಯುವುದು ಸಣ್ಣವರ ಕೆಲಸ ಅನ್ನಿಸಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನ ಹಾಗೆ ಆಗಬಾರದೆಂದು ಅವನು ಕೈ ಎರಡನ್ನೂ ತೊಡೆಯ ಮೇಲೆ ಬಿಗಿಯಾಗಿ ಇಟ್ಟುಕೊಂಡ. ಹಾಗೆ ಇಟ್ಟುಕೊಂಡದ್ದನ್ನು ಪಕ್ಕದವನು ನೋಡಿದನೇ ಎಂದು ಕಣ್ಣಂಚಿನಲ್ಲಿ ನೋಡಿದ. ಪಕ್ಕದಲ್ಲಿದ್ದ ಬೀಜಶಾಸ್ತ್ರದವನು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ.

ಟೀ ಕುಡಿಯುವಾಗ ಹುಡುಗಿಯೇ ಹತ್ತಿರ ಬಂದಳು. "ಸರ್, ಆ ಎರಡಕ್ಷರ ಯಾರು ಅಂತ ನಿಮಗೆ ಗೊತ್ತಿರಬೇಕಲ್ಲ?" ಎಂದು ಕೇಳಿದಳು. ಅವನು ಬಾಯಿ ತೆಗೆಯುವುದರೊಳಗೆ ನಿರ್ದೇಶಕ ಬಿಸ್ಕತ್ತು ಅಗಿಯುತ್ತ ಮಧ್ಯೆ ಬಂದ. ಎಲ್ಲಿ ಟೇಪು ಕಟ್ಟಿದ್ದರೂ ಕತ್ತರಿ ಹಿಡಿದು ನಿಲ್ಲುವವನಾದ್ದರಿಂದ ಈ ನಿರ್ದೇಶಕನಿಗೆ ಕಟ್ಟಡದಲ್ಲೆಲ್ಲ ರಿಬ್ಬನ್ನು ಎಂದೇ ಹೆಸರು. "ಇವರೇ ಅಲ್ವೇನಮ್ಮಾ ಅದು," ಎಂದು ರಿಬ್ಬನ್ನು ನಕ್ಕ. "ನಮ್ಮ ಒಣಮೇಷ್ಟ್ರೇ. ಆಗ ಗುಡ್ಡಕ್ಕೆ ಹೋಗ್ತಿದ್ದವರು ಇವರೊಬ್ಬರೇ." ಸುತ್ತ ನಿಂತವರು ನಗಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತನ್ನನ್ನು ಬೆನ್ನ ಹಿಂದೆ ಒಣಮೇಷ್ಟ್ರು ಎನ್ನುತ್ತಾರೆಂದು ಅವನಿಗೆ ಗೊತ್ತಿತ್ತು, ಮುಖದ ಮುಂದೆ ಅಂದದ್ದು ಇದೇ ಮೊದಲು. ಹುಡುಗಿಯ ಮುಖ ಕೆಂಪಾಯಿತು. "ಕ್ಷಮಿಸಿ ಸರ್," ಎಂದಳು, "ಅವರು ತೀರಿಕೊಂಡಿದ್ದಾರೆ ಅಂದ್ಕೊಂಡಿದ್ದೆ."

ಅವನು ಲೋಟ ಕೆಳಗಿಟ್ಟು, ಇಂಗು ತಿಂದ ಮಂಗನಂತೆ ಕಾಣುತ್ತಿರಬಹುದಾದ ತನ್ನ ಮುಖವನ್ನು ಹೊತ್ತುಕೊಂಡು ಮೂರನೇ ಮಹಡಿಯ ತನ್ನ ಕೋಣೆಗೆ ಹೋದ. ಸ್ಟೀಲಿನ ಕಪಾಟುಗಳ ಸಾಲು, ನುಸಿಗುಳಿಗೆಯ ವಾಸನೆ, ಕಿಟಕಿಗೆ ಬಿಸಿಲು ಬರದಂತೆ ಅಂಟಿಸಿದ ಕಂದುಕಾಗದ. ಇಲ್ಲಿ ಮಾತ್ರ ಅವನಿಗೆ ಉಸಿರಾಡಲು ಆಗುತ್ತದೆ. ದೊಡ್ಡವರು, ಎಂದರೆ ಈ ಸಂಗ್ರಹವನ್ನು ಕಟ್ಟಿದ ಹಿಂದಿನ ಮುಖ್ಯಸ್ಥರು, ಗೋಡೆಯ ಫೋಟೋದಲ್ಲಿ ಯಾರನ್ನೋ ಬೈದು ಆಗಷ್ಟೇ ಬಾಯಿ ಮುಚ್ಚಿಕೊಂಡವರ ಹಾಗೆ ಕೂತಿದ್ದರು. ಹೂವಿಲ್ಲದ ಹಾಳೆಯನ್ನು ದನಕ್ಕೆ ಹಾಕು ಎನ್ನುತ್ತಿದ್ದರು ಅವರು. ಕುಳ್ಳಮರ ಎಲೆ ಬರುವ ಮೊದಲೇ ಬೋಳು ರೆಂಬೆಯ ಮೇಲೆ ಬಿಳಿ ಹೂ ಬಿಡುವ ಮರ. ಪ್ರತಿವರ್ಷ ಅದರ ಮೊದಲ ಹೂ ಅರಳಿದ ದಿನವೇ ಅದನ್ನು ಕಿತ್ತು, ಒತ್ತಿ, ಆ ತಾರೀಕು ಬರೆದು ತರಬೇಕು. ಅದಕ್ಕೆ ಗುಡ್ಡದ ನೆತ್ತಿಯ ತಗಡಿನ ಗುಡಿಸಲಿನಲ್ಲಿ ಇಪ್ಪತ್ತು ದಿನ, ಕೆಲವು ವರ್ಷ ತಿಂಗಳು, ಒಬ್ಬನೇ ಕಾಯಬೇಕು. ಬೆಳಗ್ಗೆ ಎದ್ದು ಮೊಗ್ಗು ನೋಡಬೇಕು, ಮಧ್ಯಾಹ್ನ ಮೊಗ್ಗು ನೋಡಬೇಕು. ನೀರು ಹೊರಲು ಮುಕ್ಕಾಲು ಮೈಲಿ ಇಳಿಯಬೇಕು. ಕಂಬಳಿಯೊಳಗೆ ಕಾಲು ಬೆಚ್ಚಗಾಗುವಷ್ಟರಲ್ಲಿ ಬೆಳಗಾಗುತ್ತಿತ್ತು. ದೊಡ್ಡವರು ತಾವು ಒಂದು ಸಲವೂ ಹೋಗಲಿಲ್ಲ, ಅವರಿಗೆ ಮಂಡಿ ನೋವು. ಅಲ್ಲಿ ಎರಡು ವರ್ಷ ಅವನು ಕಾದ. ಆ ಎರಡು ವರ್ಷದ ಹಾಳೆ ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಆ ಹಾಳೆಗಳನ್ನೂ ಈ ಹುಡುಗಿ ಬೂದು ಮಾಡಿದ್ದಾಳೆ.

ಆಮೇಲಿನದನ್ನು ಅವನು ತನಗೆ ತಾನೇ ಹೇಳಿಕೊಳ್ಳುವಾಗ ಯಾವಾಗಲೂ ಬೇಗ ಬೇಗ ಹೇಳಿ ಮುಗಿಸುತ್ತಿದ್ದ. ಮದುವೆಯಾಯಿತು. ಹೊಸ ಹೆಂಡತಿಯನ್ನು ಬಿಟ್ಟು ತಗಡಿನ ಗುಡಿಸಲಿನಲ್ಲಿ ಮಲಗಲು ಯಾವ ಗಂಡಸಿಗೆ ಮನಸ್ಸು ಬರುತ್ತದೆ? ಗುಡ್ಡ ಹತ್ತಿದ, ಮೊಗ್ಗು ತುಂಬಿದ ರೆಂಬೆಗಳನ್ನು ಕತ್ತರಿಸಿ ಒದ್ದೆ ಬಟ್ಟೆ ಸುತ್ತಿ ಮೂರನೇ ದಿನಕ್ಕೆ ಮನೆಗೆ ತಂದ, ಅಡುಗೆಮನೆಯ ಒಲೆಯ ಪಕ್ಕ ಬಕೆಟ್ಟಿನಲ್ಲಿ ಬೆಚ್ಚನೆಯ ನೀರಿಗೆ ನಿಲ್ಲಿಸಿದ. ಐದಾರು ದಿನಕ್ಕೆ ಮೊಗ್ಗು ಮರುಳಾಗಿ ಅರಳಿತು. ಅರಳಿದ್ದನ್ನು ಒತ್ತಿ, ಆ ದಿನದ ತಾರೀಕು ಹಾಕಿ, ಸ್ಥಳ ಗುಡ್ಡದ ನೆತ್ತಿ ಎಂದು ಬರೆದ. ಗುಡ್ಡಕ್ಕೆಂದು ಕೊಟ್ಟ ದಿನಗಳು ಮುಗಿಯುವವರೆಗೆ ಕಿಟಕಿ ಹಾಕಿಕೊಂಡು ಮನೆಯಲ್ಲೇ ಇದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಯಾರಿಗೆ ಏನು ನಷ್ಟ? ಮರ ಅದೇ, ಹೂ ಅದೇ. ಹತ್ತು ದಿನ ಆಚೀಚೆಯಾದರೆ ಪ್ರಪಂಚ ಮುಳುಗುವುದಿಲ್ಲ ಎಂದು ಆಗ ಅಂದುಕೊಂಡಿದ್ದ. ಆ ಹತ್ತು ದಿನಕ್ಕಾಗಿಯೇ ಮೂವತ್ತು ವರ್ಷದ ಮೇಲೆ ಯಾರೋ ಕಪಾಟು ತೆಗೆಯುತ್ತಾರೆಂದು ಆ ಕಾಲದಲ್ಲಿ ಯಾವ ದೊಡ್ಡವರಿಗೂ ಗೊತ್ತಿರಲಿಲ್ಲ. ಆಗ ಹಾಳೆ ಬೇಕಾಗಿದ್ದದ್ದು ಗಿಡದ ಗುರುತಿಗೆ, ತಾರೀಕು ಶಾಸ್ತ್ರಕ್ಕೆ. ಹಾಗೆ ಮಾಡಿದ್ದು ಮೂರು ವರ್ಷ. ಮೂರೇ ವರ್ಷ.

ಊಟದ ಹೊತ್ತಿಗೆ ಹುಡುಗಿ ಬಾಗಿಲು ತಟ್ಟಿದಳು. ಕ್ಷಮೆ ಕೇಳುವವರ ನಿಲುವಿನಲ್ಲಿ ನಿಂತಿದ್ದಳು. ಅವನಿಗೆ ಆ ನಿಲುವೇ ಸಹಿಸಲಾಗಲಿಲ್ಲ. ಬೈದರೆ ಬೈಸಿಕೊಳ್ಳಬಹುದು, ಕನಿಕರವನ್ನು ಎಲ್ಲಿ ಇಟ್ಟುಕೊಳ್ಳುವುದು? "ಕೂತ್ಕೊಳಮ್ಮ," ಎಂದ. "ಮೂರು ಹಾಳೆ ಸುಳ್ಳು. ಒಂಬತ್ತು ನಿಜ. ಒಂಬತ್ತನ್ನ ಕೈಬಿಡೋಕೆ ನಿಮಗೆ ಅಧಿಕಾರ ಇಲ್ಲ." ಬಕೆಟ್ಟಿನ ಕಥೆಯನ್ನು ಹೇಳಿದ. ಹೇಳುತ್ತ ಹೋದಂತೆ ಅದೊಂದು ಜಾಣತನದ ಕಥೆಯ ಹಾಗೆ, ತಾನು ಬಿಸಿನೀರಿನ ಹದ ಕಂಡುಹಿಡಿದ ಕಥೆಯ ಹಾಗೆ ಬಾಯಿಂದ ಬರತೊಡಗಿತು. ಹುಡುಗಿ ನಗಲಿಲ್ಲ, ಹುಬ್ಬನ್ನೂ ಏರಿಸಲಿಲ್ಲ. ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ನೀರಿನ ಬಿಸಿ ಎಷ್ಟಿತ್ತು, ಎಷ್ಟು ದಿನಕ್ಕೆ ಅರಳುತ್ತಿತ್ತು ಎಂದು ಕೇಳಿ ಬರೆದುಕೊಂಡಳು.

"ಯಾವ ಮೂರು, ಸರ್?"

"ಹೂ ನೋಡಿದ್ರೆ ಹೇಳ್ತೀನಿ. ಚೀಟಿ ನೋಡಬೇಕಾಗಿಲ್ಲ ನನಗೆ."

ಕಪಾಟು ತೆಗೆದು ಹನ್ನೆರಡು ಹಾಳೆಗಳನ್ನು ಉದ್ದ ಮೇಜಿನ ಮೇಲೆ ಸಾಲಾಗಿ ಇಟ್ಟ. ಹನ್ನೆರಡು ಒಣರೆಂಬೆಗಳು, ಟೀ ಬಣ್ಣಕ್ಕೆ ತಿರುಗಿದ ಹೂಗಳು, ಉದುರಿದ ಎಸಳುಗಳನ್ನು ಮಡಿಸಿಟ್ಟ ಸಣ್ಣ ಕಾಗದದ ಪೊಟ್ಟಣ. ಬಕೆಟ್ಟಿನ ಹೂವಿನ ಎಸಳು ತೆಳ್ಳಗಿರುತ್ತದೆ, ತೊಟ್ಟು ಸೋತಿರುತ್ತದೆ. ಕಣ್ಣಿದ್ದವನಿಗೆ ಕಾಣುತ್ತದೆ ಎಂದು ಅವನು ಯಾವಾಗಲೂ ನಂಬಿದ್ದ. ಭೂತಗನ್ನಡಿ ಹಿಡಿದು ಬಾಗಿದ. ಮೊದಲ ಹಾಳೆಯಲ್ಲಿ ತೆಳ್ಳಗಿತ್ತು. ಎರಡನೆಯದರಲ್ಲೂ ತೆಳ್ಳಗಿತ್ತು. ಆರನೆಯದು ದಪ್ಪ ಕಂಡಿತು, ಇನ್ನೊಮ್ಮೆ ನೋಡಿದರೆ ಅದೂ ತೆಳ್ಳಗೇ. ಮೂವತ್ತು ವರ್ಷ ಒತ್ತಿಟ್ಟ ಮೇಲೆ ಸತ್ತ ಹೂವೆಲ್ಲ ಒಂದೇ. ಹುಡುಗಿ ಪಕ್ಕದಲ್ಲಿ ನಿಂತಿದ್ದಳು, ನಿಜವಾಗಿ ಕಲಿಯಲು ಬಂದವರ ಹಾಗೆ. ಅವಳೆದುರು ತಬ್ಬಿಬ್ಬಾಗಲು ಇಷ್ಟವಿಲ್ಲದೆ ಅವನು ಮೂರು ಹಾಳೆಗಳನ್ನು ಎಡಗಡೆಗೆ ಸರಿಸಿದ. ಕೈ ತನ್ನಷ್ಟಕ್ಕೆ ಮದುವೆಯಾದ ಮೇಲಿನ ಮೊದಲ ಮೂರು ವರ್ಷದ ತಾರೀಕನ್ನು ಹುಡುಕಿತ್ತು. ಕಣ್ಣು ಕೊನೆಗೂ ಮೂಲೆಯ ಚೀಟಿಗೇ ಹೋಯಿತು ಎಂಬುದು ಅವನಿಗೆ ಗೊತ್ತಾಯಿತು. ಅವಳಿಗೆ ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡ.

ಅವಳು ಲ್ಯಾಪ್‌ಟಾಪಿನಲ್ಲಿ ಏನೋ ನೋಡಿದಳು. "ಸರ್, ಉಳಿದ ಒಂಬತ್ತರಲ್ಲಿ ಇನ್ನೂ ಐದು ಹೊಂದಲ್ಲ."

"ಹಾಗಾದ್ರೆ ಹೊಂದೋ ನಾಲ್ಕು ಇಟ್ಕೊಳ್ಳಿ. ಅದಕ್ಕೇನಂತೆ."

"ಹೊಂದೋದನ್ನ ಮಾತ್ರ ಇಟ್ಕೊಂಡ್ರೆ ನನಗೆ ಬೇಕಾದ ಉತ್ತರ ನಾನೇ ಆರಿಸ್ಕೊಂಡ ಹಾಗೆ ಆಗತ್ತೆ. ಅದೂ ಬಕೆಟ್ಟೇ ಅಲ್ವಾ ಸರ್?" ಕೊಂಕಿಲ್ಲದೆ ಕೇಳಿದಳು. "ಎಲ್ಲಾ ಇಡ್ಬೇಕು, ಇಲ್ಲಾಂದ್ರೆ ಎಲ್ಲಾ ಬಿಡ್ಬೇಕು. ನಡುವೆ ಗೆರೆ ಎಳೀಬೇಕಂದ್ರೆ ಬೇರೆ ಸಾಕ್ಷಿ ಬೇಕು."

"ನನ್ನ ಮಾತು ಸಾಲದಾ?"

ಅವಳು ಲ್ಯಾಪ್‌ಟಾಪು ಮುಚ್ಚಿದಳು. ಅವಳಿಗೆ ಅಷ್ಟು ಸಂಸ್ಕಾರ ಇತ್ತು. ಸುಳ್ಳು ಬರೆದವನ ಮಾತಿಗೆ ಸುಳ್ಳು ಬರೆದವನೇ ಸಾಕ್ಷಿ ಎಂದು ಅವಳು ಬಾಯಿಬಿಟ್ಟು ಹೇಳಿದ್ದರೆ ಅವನು ಕೂಗಾಡಬಹುದಿತ್ತು, ಕೂಗಾಡಿ ಗೆಲ್ಲಬಹುದಿತ್ತು.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಮನೆಗೆ ಬರುವಾಗ ಅವನಿಗೆ ಇಡೀ ಬಸ್ಸಿನ ಮೇಲೆ ಹೇಸಿಗೆಯಾಯಿತು. ಮೊಬೈಲಿನಲ್ಲಿ ಬೆರಳು ಉಜ್ಜುತ್ತ ಕೂತ ಇವರಲ್ಲಿ ಒಬ್ಬನಾದರೂ ಒಂದು ಮೊಗ್ಗಿಗೆ ಇಪ್ಪತ್ತು ದಿನ ಕಾದಿದ್ದಾನೆಯೇ? ತಾನು ಕಾದಿದ್ದೇನೆ. ಎಷ್ಟು ವರ್ಷ ಎನ್ನುವುದಷ್ಟೇ ಈಗ ಪ್ರಶ್ನೆ. ಬರುವ ವರ್ಷ ನಿವೃತ್ತಿ. ಆಮೇಲೆ ಎರಡು ಲಕ್ಷ ಹಾಳೆಯ ನಡುವೆ ತನ್ನದೆಂದು ಉಳಿಯುವುದು ಈ ಹನ್ನೆರಡು, ಇವು ಕಸವಾದರೆ ಅವನು ಇಲ್ಲಿ ಇದ್ದನೆನ್ನಲು ಒಂದು ಕುರುಹೂ ಇರುವುದಿಲ್ಲ. ಕಪಾಟಿಗೆ ಬೀಗ ಹಾಕಿದ್ದವನು ಎಂದು ಬೇಕಾದರೆ ನೆನೆದಾರು, ನೆನೆದರೆ. ಹಿಂದೆ ನಿಂತವನ ಚೀಲ ಬೆನ್ನಿಗೆ ತಾಗಿತು, ತಿರುಗಿ ಅವನನ್ನು ನುಂಗುವ ಹಾಗೆ ನೋಡಿದ. ಚೀಲದವನು ಪಾಪ, ಸಾರಿ ಅಂಕಲ್ ಎಂದ.

ಅಡುಗೆಮನೆಯಲ್ಲಿ ಹೆಂಡತಿ ಬೀನ್ಸು ಮುರಿಯುತ್ತಿದ್ದಳು. ಮೂವತ್ತು ವರ್ಷದಲ್ಲಿ ಅವನು ಕಚೇರಿಯ ಮಾತನ್ನು ಅವಳೊಡನೆ ಆಡಿದ್ದು ಕಮ್ಮಿ. ಎಲೆಗೂ ಹೂವಿಗೂ ವ್ಯತ್ಯಾಸ ತಿಳಿಯದವಳ ಹತ್ತಿರ ಏನು ಆಡುವುದು ಎಂಬ ಅಸಡ್ಡೆ ಅವನಿಗೆ ಯಾವಾಗಲೂ ಇತ್ತು, ಮತ್ತು ಆ ಅಸಡ್ಡೆ ಅವಳಿಗೆ ಗೊತ್ತಿತ್ತು. ಇವತ್ತು ನೀರು ಕುಡಿಯುವ ನೆವದಲ್ಲಿ ನಿಂತು, ಗೋಡೆಗೆ ಹೇಳುವವನ ಹಾಗೆ ಹೇಳಿದ. ಯಾವಳೋ ಹುಡುಗಿ, ಹಳೇ ಹಾಳೆ, ಬಕೆಟ್ಟು, ಮೂರು ವರ್ಷ.

"ಮೂರಾ?" ಎಂದಳು ಹೆಂಡತಿ, ಬೀನ್ಸಿನ ನಾರು ಎಳೆಯುತ್ತ. "ಏಳು ವರ್ಷ ಆ ನೀರು ಬದಲಾಯಿಸಿದವಳು ನಾನು."

"ನಿನಗೇನು ಗೊತ್ತು. ಮೂರು."

"ಮದುವೆಯಾದ ವರ್ಷ ಒಂದು. ಆಮೇಲೆ ನಾನು ಬಸುರಿ, ಬಗ್ಗೋಕಾಗ್ದೆ ಸ್ಟೂಲಿನ ಮೇಲೆ ಇಡ್ಸಿದ್ದೆ ಬಕೆಟ್ಟು. ಮಗು ಅಂಬೆಗಾಲಿಟ್ಟು ಹೋಗಿ ಅದನ್ನ ಮಗುಚಿ ಹಾಕ್ತು, ಅದು ಮೂರು. ಸೀಮೆಎಣ್ಣೆ ಒಲೆ ಹೋಗಿ ಗ್ಯಾಸು ಬಂದ ವರ್ಷ, ನೀರು ಜಾಸ್ತಿ ಕಾದು ಮೊಗ್ಗೆಲ್ಲಾ ಬೆಂದುಹೋಯ್ತು ಅಂತ ಬೈದ್ರಿ, ಇನ್ನೊಂದು ಕಟ್ಟು ತಂದ್ರಿ. ನಾಲ್ಕು. ಆಮೇಲೆ ಮಗೂಗೆ ಅಮ್ಮ ಎದ್ದದ್ದು." ಬೆರಳು ಮಡಿಸುತ್ತ ಅವಳು ಏಳಕ್ಕೆ ಬಂದು ನಿಂತಳು. "ಪ್ರತಿ ವರ್ಷ ನಾನೇ ಕೇಳ್ತಿದ್ದೆ, ಈ ಸಲಾನೂ ಅದು ಬೇಕಾ ಅಂತ. ನೀವು ಬೇಕು ಅಂತಿದ್ರಿ."

ಅವನು ನೀರಿನ ಲೋಟ ಕುಕ್ಕಿದ. ತನ್ನ ತಲೆ ಯಾವಾಗಲೋ ಏಳನ್ನು ಮೂರು ಮಾಡಿಟ್ಟುಕೊಂಡಿತ್ತು. ಮೂರಾದರೆ ಯೌವನದ ಹುಡುಗಾಟ, ಏಳಾದರೆ ಅಭ್ಯಾಸ. ಯಾರ ಜ್ಞಾಪಕವನ್ನು ಅವನು ಲೆಕ್ಕಕ್ಕೇ ಇಟ್ಟಿರಲಿಲ್ಲವೋ ಅವಳು ಒಲೆಯ ಮುಂದೆ ನಿಂತು ವರ್ಷ ವರ್ಷವನ್ನೂ ಬೆರಳ ಗೆಣ್ಣಿನಲ್ಲಿ ಇಟ್ಟುಕೊಂಡಿದ್ದಳು. ಅವಮಾನದ ಕೆಳಗೆ ಅವನಿಗೆ ಇನ್ನೊಂದು ಲೆಕ್ಕವೂ ಹೊಳೆಯಿತು: ಬೇರೆ ಸಾಕ್ಷಿ. ಹುಡುಗಿ ಕೇಳಿದ್ದು ಅದನ್ನೇ. ಏಳು ಹೋದರೆ ಐದು ಉಳಿಯುತ್ತದೆ. ಐದನ್ನು ಎತ್ತಿ ಹಿಡಿಯಬಹುದು.

"ನಾಳೆ ಆಫೀಸಿಗೆ ಬರ್ತೀಯಾ?" ಎಂದ.

"ನಾನ್ಯಾಕೆ?"

"ಹಾಳೆ ನೋಡೋಕೆ. ಅರ್ಧ ಗಂಟೆ ಸಾಕು."

ಅವಳು ಬೀನ್ಸು ಬಿಟ್ಟು ಅವನನ್ನು ನೋಡಿದಳು. "ನಿಮ್ಮ ಆಫೀಸು ಎಷ್ಟನೇ ಮಹಡಿ ಅಂತಾನೂ ನನಗೆ ಗೊತ್ತಿಲ್ಲ," ಎಂದಳು. ದೂರಿನ ದನಿಯಲ್ಲ, ಇರುವ ಸಂಗತಿಯನ್ನು ಹೇಳಿದ ದನಿ.

ಮಾರನೇ ದಿನ ಅವಳು ಮದುವೆಮನೆಗೆ ಹೋಗುವಾಗ ಉಡುವ ಸೀರೆ ಉಟ್ಟು ಬಂದಳು. ಅವನಿಗೆ ನಾಚಿಕೆಯಾಯಿತು. ಲಿಫ್ಟಿನಲ್ಲಿ ಬೀಜಶಾಸ್ತ್ರದವನು ಸಿಕ್ಕಿ ನಮಸ್ಕಾರ ಅಂದಾಗ ಅವಳನ್ನು ಪರಿಚಯಿಸದೆ ಮಹಡಿಯ ನಂಬರು ನೋಡುತ್ತ ನಿಂತ. ಹುಡುಗಿ ಮಾತ್ರ ಕುರ್ಚಿ ಎಳೆದು ಕೊಟ್ಟು, "ಬನ್ನಿ ಅಮ್ಮಾ, ನಿಮ್ಮಿಂದ ದೊಡ್ಡ ಉಪಕಾರ ಆಗ್ಬೇಕು," ಎಂದಳು. ಆಮೇಲೆ ಇಲ್ಲಿನ ರೀತಿಯನ್ನು ವಿವರಿಸಿದಳು: ಹಾಳೆಯ ಮೇಲೆ ಹಿಂದಿನವರು ಬರೆದದ್ದನ್ನು ಯಾರೂ ಹೊಡೆದುಹಾಕುವ ಹಾಗಿಲ್ಲ, ತಪ್ಪಾಗಿದ್ದರೂ ಅದು ಅಲ್ಲೇ ಇರಬೇಕು. ತಿದ್ದುವವರು ಪಕ್ಕದಲ್ಲಿ ಒಂದು ಸಣ್ಣ ಚೀಟಿ ಅಂಟಿಸಿ, ತಮಗೆ ಗೊತ್ತಿದ್ದದ್ದನ್ನು ಬರೆದು, ಕೆಳಗೆ ತಮ್ಮ ಹೆಸರು ಮತ್ತು ಆ ದಿನದ ತಾರೀಕು ಹಾಕಬೇಕು. "ಇನ್ನು ನೂರು ವರ್ಷಕ್ಕೆ ನೋಡೋರಿಗೆ ಎರಡೂ ಕಾಣಬೇಕು ಅಮ್ಮ. ಅವರು ಬರೆದಿದ್ದೂ, ನೀವು ಹೇಳಿದ್ದೂ. ನಿಜ ಇದ್ರೆ ನಿಜ ಅಂತಲೂ ಬರೀತೀವಿ."

"ಹೆಸರು ನನ್ನದಾ?" ಎಂದಳು ಹೆಂಡತಿ. "ಇವರದ್ದು ಹಾಕಿದ್ರೆ ಸಾಲದಾ?"

"ಹೇಳ್ತಿರೋರು ನೀವಲ್ವಾ."

ಅಕ್ಷರ ಚೆನ್ನಾಗಿದೆಯೆಂದು ಚೀಟಿಯ ಒಕ್ಕಣೆ ಬರೆಯುವ ಕೆಲಸ ಅವನ ಪಾಲಿಗೆ ಬಂತು. ಮೊದಲೆರಡು ಹಾಳೆ ಮದುವೆಗೆ ಮುಂಚಿನವು. "ಇದು ನನಗೆ ಗೊತ್ತಿಲ್ಲ," ಎಂದು ಅವಳು ನೇರವಾಗಿ ಹೇಳಿದಳು. ಹುಡುಗಿ ಹಾಗೆಯೇ ಬರೆಯಲು ಹೇಳಿದಳು: ಮದುವೆಗೆ ಮುಂಚಿನದು, ಇವರಿಗೆ ಗೊತ್ತಿಲ್ಲ, ಸಂಗ್ರಾಹಕರ ಹೇಳಿಕೆ ಮಾತ್ರ. ಮೂರನೆಯದರಿಂದ ಅವಳದ್ದು ಶುರುವಾಯಿತು. ತಾರೀಕನ್ನು ಬೆರಳಿಟ್ಟು ಓದಿ, ಕಣ್ಣು ಮುಚ್ಚಿ, ಆ ವರ್ಷದ ಮನೆಯನ್ನು ಎದುರಿಗೆ ತಂದುಕೊಂಡು ಹೇಳುತ್ತಿದ್ದಳು. ಮನೆಯಲ್ಲಿ ಅರಳಿದ್ದು, ಸ್ಟೂಲಿನ ಮೇಲೆ. ಮನೆಯಲ್ಲಿ ಅರಳಿದ್ದು, ಗ್ಯಾಸಿನ ಪಕ್ಕ. ಒಂದೊಂದಕ್ಕೂ ಕೆಳಗೆ ತನ್ನ ಹೆಸರನ್ನು ಶಾಲೆಯ ಮಕ್ಕಳ ಹಾಗೆ ಬಿಡಿಬಿಡಿಯಾಗಿ ಬರೆಯುತ್ತಿದ್ದಳು. ಅವನು ಆ ಒಕ್ಕಣೆಯನ್ನು ಏಳು ಸಲ ಬರೆದ. ಮೊದಲನೆಯದನ್ನು ಬರೆಯುವಾಗ ಒಂದೊಂದು ಅಕ್ಷರಕ್ಕೂ ನಿಂತಿದ್ದ, ಐದನೆಯದರ ಹೊತ್ತಿಗೆ ಬರೀ ಬೇಸರ ಉಳಿದಿತ್ತು. ತಪ್ಪೊಪ್ಪಿಗೆಯೂ ಏಳು ಸಲ ಬರೆದರೆ ಗುಮಾಸ್ತೆಯ ಕೆಲಸ ಎಂದು ತನ್ನನ್ನೇ ಹಳಿದುಕೊಂಡ. ಹುಡುಗಿ ನಡುನಡುವೆ ಹೆಂಡತಿಯನ್ನು ಏನೇನೋ ಕೇಳುತ್ತಿದ್ದಳು. ಮೊಗ್ಗು ಎಷ್ಟು ದಪ್ಪ ಇತ್ತು, ಹೂವಿಗೆ ವಾಸನೆ ಇತ್ತಾ ಎಂದು. ಹೆಂಡತಿ ಬೆರಳ ತುದಿಯಲ್ಲಿ ಮೊಗ್ಗಿನ ಗಾತ್ರ ತೋರಿಸಿದಳು. ವಾಸನೆ ಮೊದಲ ದಿನ ಇರಲ್ಲ, ಎರಡನೇ ದಿನ ಬೆಳಗ್ಗೆ ಬರತ್ತೆ, ಸಂಜೆ ಹೋಗತ್ತೆ ಎಂದಳು. ಅವನಿಗೆ ಅದು ಗೊತ್ತಿರಲಿಲ್ಲ. ಅರಳಿದ ತಕ್ಷಣ ಒತ್ತುತ್ತಿದ್ದನಲ್ಲ, ಒತ್ತದೆ ಮಿಕ್ಕ ರೆಂಬೆ ಅವಳ ಕಿಟಕಿಯಲ್ಲಿ ಇರುತ್ತಿತ್ತು.

ಹತ್ತನೇ ಹಾಳೆ ಬಂತು. ಅವಳು ತಾರೀಕನ್ನು ಓದಿದಳು, ಕಣ್ಣು ಮುಚ್ಚಲಿಲ್ಲ. "ಇದು ನಿಜ," ಎಂದಳು. "ಇದು ಗುಡ್ಡದ್ದೇ. ಆ ವರ್ಷ ನಮ್ಮಮ್ಮ ಕಾಯಿಲೆಯಾಗಿ ನಮ್ಮನೇಲಿದ್ರು. ಬೆಚ್ಚಗಿರ್ಲಿ ಅಂತ ಒಲೆ ಪಕ್ಕ ಅವರ ಮಂಚ. ಬಕೆಟ್ಟಿಗೆ ಜಾಗ ಇಲ್ಲ, ಈ ಸಲ ಮೇಲೆ ಹೋಗಿ ಕಾದ್ಕೊಂಡು ಬನ್ನಿ ಅಂದೆ. ಇವರು ಹೋದ್ರು." ಹುಡುಗಿಯ ಕಡೆ ತಿರುಗಿ, ಗಂಡನ ಪರವಾಗಿ ಒಂದು ಒಳ್ಳೆಯ ಮಾತು ಹೇಳಲು ಕೊನೆಗೂ ಸಿಕ್ಕಿತೆಂಬ ನಿರಾಳದಲ್ಲಿ ಮುಂದುವರಿಸಿದಳು. "ಇವರು ಮೇಲಿದ್ದಾಗಲೇ ಅಮ್ಮ ತೀರಿಕೊಂಡ್ರು. ಅಲ್ಲಿ ಫೋನೂ ಇಲ್ಲ, ಏನೂ ಇಲ್ಲ. ಯಾರು ಹತ್ತಿ ಹೇಳ್ಬೇಕು? ಪಕ್ಕದ ಮನೆಯವರನ್ನ ಕರೆದು ನಾನೇ ಎಲ್ಲಾ ಮಾಡಿ ಮುಗಿಸ್ದೆ. ನಾಲ್ಕು ದಿನ ಆದ್ಮೇಲೆ ಇವರು ಬಂದ್ರು, ಕಂಕುಳಲ್ಲಿ ಈ ಕಟ್ಟು ಇಟ್ಕೊಂಡು."

ಹುಡುಗಿ ಲ್ಯಾಪ್‌ಟಾಪು ನೋಡಿದಳು. ಅವನಿಗೆ ಕಾಣುವ ಹಾಗೆಯೇ ಪರದೆ ಇತ್ತು. ಹತ್ತನೇ ವರ್ಷ ಆ ಹನ್ನೆರಡರಲ್ಲೇ ಅತಿ ದೊಡ್ಡ ಚಳಿಯ ವರ್ಷ, ಹೂ ತಡವಾಗಬೇಕಿತ್ತು; ಆದರೆ ಹತ್ತನೇ ಹಾಳೆಯ ತಾರೀಕು ಅತಿ ಬೇಗದ್ದು. ಇದನ್ನು ನಿಜವೆಂದು ಸೇರಿಸಿದರೆ ಅವಳ ಇಳಿಯುವ ಗೆರೆ ಆ ಜಾಗದಲ್ಲಿ ಮುರಿಯುತ್ತದೆ, ನೋಡಿದವರು ಕೇಳುತ್ತಾರೆ, ಇವಳು ತಲೆಕೆಳಗಾಗಿ ನಿಂತರೂ ಉತ್ತರ ಹೊಳೆಯುವುದಿಲ್ಲ. ಅವಳಿಗೆ ಇದು ಗೊತ್ತಿತ್ತು; ತುಟಿ ಒಂದು ಸಲ ಬಿಗಿಯಾಯಿತು. ಆದರೆ, "ಸರಿ ಅಮ್ಮಾ," ಎಂದಳು. "ನಿಜ ಅಂತಲೇ ಬರೀರಿ ಸರ್." ಮರುಪ್ರಶ್ನೆ ಇಲ್ಲ, ಸರಿಯಾಗಿ ನೆನಪು ಮಾಡಿಕೊಳ್ಳಿ ಎಂಬ ಒತ್ತಾಯವೂ ಇಲ್ಲ. ಎರಡು ದಿನದಿಂದ ಅವನು ಕಷ್ಟಪಟ್ಟು ಇವಳ ಮೇಲೆ ಗುಡ್ಡೆ ಹಾಕಿಕೊಂಡಿದ್ದ ತಿರಸ್ಕಾರಕ್ಕೆ ಈಗ ನಿಲ್ಲಲು ನೆಲವೇ ಇರಲಿಲ್ಲ. ತನಗೆ ನಷ್ಟವಾಗುವ ಮಾತನ್ನು ಇಷ್ಟು ಸಲೀಸಾಗಿ ಬರೆದುಕೊಳ್ಳುವವರನ್ನು ಅವನು ಈ ಕಟ್ಟಡದಲ್ಲಿ ನೋಡಿರಲಿಲ್ಲ. ದೊಡ್ಡವರೂ ಹಾಗಿರಲಿಲ್ಲ.

ಪೆನ್ನು ಕೈಯಲ್ಲಿತ್ತು. ನಿಜ ಎಂಬ ಎರಡಕ್ಷರ ಬರೆಯಲು ಎಷ್ಟು ಹೊತ್ತು? ಆ ವರ್ಷದ್ದು ಕಣ್ಣ ಮುಂದೆ ಬಂತು: ಗುಡ್ಡದ ಬುಡದ ಲಾಡ್ಜಿನ ಹಿಂಭಾಗ, ಕಂಪೌಂಡಿನ ಗೋಡೆಗೆ ತಾಗಿ ದೊಡ್ಡ ಒಲೆಯಿದ್ದ ಅಡುಗೆಮನೆ, ಒಲೆಯ ಪಕ್ಕ ಎಣ್ಣೆಡಬ್ಬದಲ್ಲಿ ನಿಲ್ಲಿಸಿದ ರೆಂಬೆಗಳು. ಚಾಪೆಯ ಮೇಲೆ ಅಡುಗೆಯವನು, ಜೀಪಿನ ಡ್ರೈವರು, ಅವನು. ಇಸ್ಪೀಟಿನ ಎಲೆ ಕಲಸುವವನ ಕೈಯ ಚಳಕಕ್ಕೆ ಮೂವರೂ ನಗುತ್ತಿದ್ದರು. ಆ ಹನ್ನೊಂದು ದಿನ ಅವನ ಆಯುಸ್ಸಿನಲ್ಲೇ ಅತಿ ಸುಖದ ದಿನಗಳಾಗಿದ್ದವು ಎಂಬುದನ್ನು ಅವನಿಗೆ ಯಾವ ಸಾವಿನ ನೆನಪಿನಿಂದಲೂ ಅಳಿಸಲು ಆಗಿರಲಿಲ್ಲ. ಮನೆಗೆ ಬಂದಾಗ ಒಲೆಯ ಪಕ್ಕ ಮಂಚ ಇರಲಿಲ್ಲ. ನೀವು ಮೇಲಿದ್ರಲ್ಲ, ಏನು ಮಾಡೋಕಾಗತ್ತೆ ಎಂದು ಅವಳೇ ಅವನನ್ನು ಸಮಾಧಾನ ಮಾಡಿದ್ದಳು. ಅವನು ಸಮಾಧಾನ ಮಾಡಿಸಿಕೊಂಡಿದ್ದ. ಮುಂದಿನೆರಡು ವರ್ಷ ಯಾರೂ ಹೇಳದೆ ನೆತ್ತಿಗೆ ಹತ್ತಿ, ತಗಡಿನ ಕೆಳಗೆ ಮಲಗಿ, ಬೆರಳು ಸೆಟೆದುಕೊಳ್ಳುವವರೆಗೆ ಕಾದು ಎರಡು ಹಾಳೆ ತಂದ. ಅದನ್ನು ಪ್ರಾಯಶ್ಚಿತ್ತ ಎಂದು ಕರೆದುಕೊಂಡಿದ್ದ. ಎಂಥ ಅಗ್ಗದ ಮಾತು. ಈಗ ಸುಮ್ಮನಿದ್ದರೆ ಹಾಳೆ ಐದಾಗುತ್ತದೆ. ಇವಳ ಬಾಯಲ್ಲಿ ಅವನ ಬಗ್ಗೆ ಇರುವ ಒಂದೇ ಒಂದು ಒಳ್ಳೆಯ ಮಾತು ಹಾಗೇ ಉಳಿಯುತ್ತದೆ. ಹುಡುಗಿಯ ಗೆರೆ ಮುರಿದರೆ ಮುರಿಯಲಿ, ಅವಳೇನು ನೆಂಟಳೇ?

"ಅಲ್ಲ," ಎಂದ. ತನ್ನ ದನಿಯೇ ತನಗೆ ಕೇಳಲಿಲ್ಲವೆನ್ನಿಸಿ ಇನ್ನೊಮ್ಮೆ ಹೇಳಿದ. "ಅಲ್ಲ. ಇದೂ ಸುಳ್ಳು."

ಹೆಂಡತಿ ನಸುನಕ್ಕಳು. "ನಿಮಗೆ ಮರೆತಿದೆ. ಇದಕ್ಕೆ ನಾನು ನೀರೇ ಹಾಕಿಲ್ಲ."

"ಲಾಡ್ಜಿನೋರು ಹಾಕಿದ್ರು. ನಾನು ರೆಂಬೆ ಕತ್ತರಿಸ್ಕೊಂಡು ಮಾರನೇ ದಿನವೇ ಕೆಳಗೆ ಇಳಿದೆ. ಅಲ್ಲೇ ಇದ್ದೆ, ಗುಡ್ಡದ ಬುಡದಲ್ಲಿ. ಇಸ್ಪೀಟು ಆಡ್ತಿದ್ದೆ."

ಹುಡುಗಿ ಲ್ಯಾಪ್‌ಟಾಪಿನ ಕಡೆಗೆ ಕಣ್ಣು ತಿರುಗಿಸಿಕೊಂಡಳು. ಎದ್ದು ಹೋಗಬೇಕೋ ಕೂತಿರಬೇಕೋ ಅವಳಿಗೆ ತಿಳಿಯಲಿಲ್ಲ. ಕಾರಿಡಾರಿನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು, ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಹೆಂಡತಿ ಹಾಳೆಯನ್ನೇ ನೋಡುತ್ತಿದ್ದಳು. ರೆಂಬೆಯನ್ನು, ಕಂದಿದ ಹೂಗಳನ್ನು, ಬಾಲ ಎಳೆದ ಎರಡು ಅಕ್ಷರಗಳನ್ನು. ಅವಳು ಅಳಬಹುದು, ಅಥವಾ ಈ ಹುಡುಗಿಯ ಎದುರೇ ತನ್ನ ಮುಖಕ್ಕೆ ಉಗಿಯಬಹುದು ಎಂದು ಅವನು ಕಾದ. ಉಗಿದರೆ ಒರೆಸಿಕೊಳ್ಳಲು ಸಿದ್ಧನಿದ್ದ.

"ಅಲ್ಲಿ ಫೋನಿತ್ತಾ?" ಎಂದು ಕೇಳಿದಳು.

"ಇತ್ತು."

ಅವಳು ತಲೆಯಾಡಿಸಿದಳು. ಚೀಟಿಯನ್ನು ಅವನ ಮುಂದಕ್ಕೆ ತಳ್ಳಿ, ಅವನು ಒಕ್ಕಣೆ ಬರೆದು ಮುಗಿಸುವವರೆಗೆ ಕೈಕಟ್ಟಿ ಕೂತಳು. ಗುಡ್ಡದ ನೆತ್ತಿಯದಲ್ಲ, ಲಾಡ್ಜಿನ ಅಡುಗೆಮನೆಯಲ್ಲಿ ಅರಳಿದ್ದು ಎಂದು ಬರೆದ. ಅಕ್ಷರ ಎಂದಿನ ಹಾಗೆ ಚೆನ್ನಾಗಿಯೇ ಬಂತು. ಕೆಳಗೆ ಹೆಸರಿನ ಜಾಗದಲ್ಲಿ ತನ್ನದನ್ನು ಹಾಕಲು ಹೊರಟವನ ಕೈಯಿಂದ ಅವಳು ಪೆನ್ನು ತೆಗೆದುಕೊಂಡು, ತನ್ನ ಹೆಸರನ್ನು ಬಿಡಿಬಿಡಿಯಾಗಿ ಬರೆದು, ಇವತ್ತು ಎಷ್ಟನೇ ತಾರೀಕು ಎಂದು ಹುಡುಗಿಯನ್ನು ಕೇಳಿ ಅದನ್ನೂ ಬರೆದಳು.

"ಮುಂದಿನದು ಕೊಡಿ," ಎಂದಳು.